ಮೊಬೈಲಲ್ಲಿ 4.1 ಡಿಗ್ರಿ, ಟ್ಯಾಂಕಿನಲ್ಲಿ ಒಡೆದ ಹಾಲು: 'ಲೈವ್ ಗ್ರಾಫ್' ಹಾಕಿಸೋರು ದುಡ್ಡು ಕೊಡೋ ಮೊದಲು ಓದಿ

ಬಿಎಂಸಿಗೋ (ಡೈರಿಯಲ್ಲಿ ಹಾಲು ತಣ್ಣಗಿಡೋ ದೊಡ್ಡ ಟ್ಯಾಂಕು), ಕೋಲ್ಡ್ ರೂಮಿಗೋ, ಕೋಳಿ ಶೆಡ್ಡಿಗೋ 'ಮೊಬೈಲಲ್ಲೇ ಲೈವ್ ಟೆಂಪರೇಚರ್' ಡ್ಯಾಶ್‌ಬೋರ್ಡ್ ಹಾಕಿಸಬೇಕು ಅಂತಿರೋರು ಇದನ್ನ ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತಿದೀನಿ, ಯಾಕಂದ್ರೆ ನಮಗೆ ಹಾಕಿಕೊಟ್ಟವನು ಇನ್ನೂ ಊರೂರು ಸುತ್ತಿ ಇದನ್ನೇ ಮಾರ್ತಿದಾನೆ. ಹೆಸರು ಹಾಕಲ್ಲ. ಆದರೆ ಅವನು ಮಾಡಿದ ಸೆಟ್ಟಿಂಗ್ ಒಂದೊಂದನ್ನೂ ಹಾಕ್ತೀನಿ. ಅದೇ ಸೆಟ್ಟಿಂಗ್ ನಿಮ್ಮಲ್ಲೂ ಇದ್ರೆ ನಿಮ್ಮ ಗ್ರಾಫೂ ಸುಳ್ಳು ಹೇಳ್ತಿದೆ ಅಂತಲೇ ಲೆಕ್ಕ.

ಸಾಮಾನು ಇಷ್ಟು: 1,000 ಲೀಟರ್ ಬಿಎಂಸಿ, ಅದಕ್ಕೆ ಟೆಂಪರೇಚರ್ ಅಳೆಯೋ ಒಂದು ಡಿಎಸ್18ಬಿ20 ಪ್ರೋಬ್, ಅದನ್ನ ಓದಿ ವೈಫೈಯಲ್ಲಿ ಕಳಿಸೋ ಒಂದು ಇಎಸ್‌ಪಿ32 ಬೋರ್ಡ್. ಆಫೀಸ್ ರೂಮಲ್ಲಿ ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಅದರೊಳಗೆ ಬೋರ್ಡಿನ ಮೆಸೇಜ್ ಹಂಚೋ ಮಾಸ್ಕಿಟೋ ಬ್ರೋಕರ್, ಅದನ್ನ ಎತ್ತಿ ಡೇಟಾಬೇಸಿಗೆ ಹಾಕೋ ಟೆಲಿಗ್ರಾಫ್, ಡೇಟಾ ಕೂಡಿಡೋ ಇನ್‌ಫ್ಲಕ್ಸ್‌ಡಿಬಿ 1.8, ಗ್ರಾಫ್ ತೋರಿಸೋ ಗ್ರಾಫಾನಾ. ನಿಮಿಷಕ್ಕೊಂದು ರೀಡಿಂಗ್. ಒಟ್ಟು ₹38,000, ಅದರಲ್ಲಿ ₹12,000 'ಸಾಫ್ಟ್‌ವೇರ್ ಲೈಸೆನ್ಸ್'. ಈ ನಾಲ್ಕು ಸಾಫ್ಟ್‌ವೇರೂ ಓಪನ್ ಸೋರ್ಸ್, ಯಾರು ಬೇಕಾದ್ರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಕೂಲಿ ಅಂತ ಕೇಳಿದ್ರೆ ಕೊಡ್ತಿದ್ವಿ, ಸೆಟ್ಟಿಂಗ್ ಮಾಡೋದೂ ಕೆಲಸವೇ. ಲೈಸೆನ್ಸ್ ಅಂತ ಯಾಕೆ ಬರೀಬೇಕು? ಬಿಲ್ಲಿನ ಆ ಸಾಲು ನೋಡಿದಾಗಲೇ ಎಚ್ಚರ ಆಗಬೇಕಿತ್ತು. ಆಗಲಿಲ್ಲ.

ಆ ದಿನ ಸಂಜೆ 5:50ಕ್ಕೆ ಒಂದು ಫೇಸ್ ಹೋಯ್ತು. ಒಂದು ಫೇಸ್ ಹೋದ್ರೆ ಮೋಟಾರ್ ಸುಡದ ಹಾಗೆ ಕಾಯೋ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ತನ್ನ ಕೆಲಸ ಮಾಡಿ ಕಂಪ್ರೆಸರ್ ನಿಲ್ಲಿಸ್ತು, ಅದು ಸರೀನೇ. ಉಳಿದ ಎರಡು ಫೇಸಲ್ಲಿ ಲೈಟು, ಫ್ಯಾನು, ಆಫೀಸಿನ ಪೈ, ರೂಟರ್ ಎಲ್ಲ ಚಾಲೂ. ಇಎಸ್‌ಪಿ ಬೋರ್ಡಿನ ಅಡಾಪ್ಟರ್ ಮಾತ್ರ ಕಂಪ್ರೆಸರ್ ಪ್ಯಾನೆಲ್ ಪಕ್ಕದ ಸಾಕೆಟ್ಟಲ್ಲಿ, ಹೋದ ಫೇಸಲ್ಲೇ ಇತ್ತು. ಅಂದ್ರೆ ಯಾವ ಗಳಿಗೆಗೆ ಕಾವಲು ಬೇಕಿತ್ತೋ ಅದೇ ಗಳಿಗೆಗೆ ಕಾವಲುಗಾರ ಸತ್ತ. ಟ್ಯಾಂಕಿನ ಮೇಲಿನ ಮೀಟರೂ ಅದೇ ಲೈನು, ಅದೂ ಕಪ್ಪು.

6:30ಕ್ಕೆ ಸಂಜೆ ಹಾಲು ಬಿತ್ತು. ಬೆಳಗಿನ 300 ಲೀಟರ್ 4 ಡಿಗ್ರಿಯಲ್ಲಿತ್ತು, ಸಂಜೆಯ 340 ಲೀಟರ್ ಸುಮಾರು 34. ಕೂಡಿಸಿ ಭಾಗಿಸಿ ನೋಡಿ, ಹತ್ತಿರ ಹತ್ತಿರ 20 ಡಿಗ್ರಿ. ಗ್ರಾಫಲ್ಲಿ ಗೆರೆ ನೆಟ್ಟಗೆ ಮೇಲೇಳಬೇಕು. ದಿನಾ ಏಳ್ತಿತ್ತು. ಬಿಎಂಸಿ ಗ್ರಾಫ್ ಅಂದ್ರೆ ಗರಗಸದ ಹಲ್ಲು, ದಿನಕ್ಕೆ ಎರಡು ಹಲ್ಲು. ಆ ಸಂಜೆ ಹಲ್ಲೇ ಇಲ್ಲ, ದಾರ ಎಳೆದ ಹಾಗೆ 4.1. ಮೊಬೈಲ್ ತೆಗೆದು ನೋಡಿ 'ಇವತ್ತು ಕೂಲಿಂಗ್ ಭರ್ಜರಿಯಾಗಿದೆ' ಅಂತ ಪಕ್ಕದವರಿಗೆ ತೋರಿಸಿದ್ದು ನಾನೇ. ಹಾಲು ಹಾಕಿದ ಮೇಲೂ ಬಿಸಿಯಾಗದ ಟ್ಯಾಂಕು ಲೋಕದಲ್ಲಿ ಎಲ್ಲಾದ್ರೂ ಇದೆಯಾ? ಇಷ್ಟು ವರ್ಷ ಹಾಲಿನ ಕೆಲಸ ಮಾಡಿದವರಿಗೆ ಅಷ್ಟು ಗೊತ್ತಾಗಬಾರದಾ? ಹಸಿರು ಬಣ್ಣದ ದೊಡ್ಡ ಅಕ್ಷರದಲ್ಲಿ 4.1 ಅಂತ ಇತ್ತು, ನಂಬಿಬಿಟ್ವಿ. ಮೊದಲೆಲ್ಲ ರಾತ್ರಿ 9ಕ್ಕೆ ಹುಡುಗ ಥರ್ಮಾಮೀಟರ್ ಅದ್ದಿ ಪುಸ್ತಕದಲ್ಲಿ ಬರೀತಿದ್ದ. ಗ್ರಾಫ್ ಬಂದ ಮೇಲೆ ಆ ಪುಸ್ತಕಾನೂ ಮುಚ್ಚಿಸಿದ್ವಿ.

ಬೆಳಿಗ್ಗೆ ಸಿಒಬಿ ಟೆಸ್ಟಲ್ಲಿ (ಹಾಲು ಕುದಿಸಿ ಒಡೆಯುತ್ತಾ ಅಂತ ನೋಡೋದು) ಕುದಿಸಿದ ತಕ್ಷಣ ಒಡೀತು. 640 ಲೀಟರೂ ವಾಪಸ್. ₹22,000ಕ್ಕೂ ಮೇಲೆ ಚರಂಡಿಗೆ. ಆಗಲೂ ಮೊಬೈಲಲ್ಲಿ 4.1. ಒಡೆದ ಹಾಲು ಎದುರಿಗಿದೆ, ಕೈಯಲ್ಲಿ 4.1.

ಫೋನ್ ಮಾಡಿದ್ರೆ ಬಂದ ಮೊದಲ ಉತ್ತರ: 'ಗ್ರಾಫ್ ಕರೆಕ್ಟಾಗೇ ಇದೆಯಲ್ಲ ಸಾರ್, ನಿಮ್ಮ ಕ್ಯಾನ್ ತೊಳೆದಿರಲ್ಲ ಅನ್ಸುತ್ತೆ.' ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದಾಗ, 'ಕರೆಂಟ್ ಹೋದ್ರೆ ನಮ್ಮ ಜವಾಬ್ದಾರಿ ಅಲ್ಲ ಸಾರ್.' ಕರೆಂಟ್ ಹೋಗಿದ್ದಕ್ಕೆ ಯಾರು ನಿನ್ನ ಕೇಳಿದ್ದು? ಹೋಗಿರೋದನ್ನ ಹೇಳೋಕೆ ತಾನೇ ನಿನ್ನ ಡಬ್ಬಿ ಹಾಕಿಸಿದ್ದು?

ನಮಗೆ ಕೊಟ್ಟಿದ್ದು ಬರೀ ವ್ಯೂವರ್ ಲಾಗಿನ್. ಅದರಲ್ಲಿ ಪ್ಯಾನೆಲ್ (ಡ್ಯಾಶ್‌ಬೋರ್ಡಿನ ಒಂದೊಂದು ಗ್ರಾಫಿನ ಚೌಕ) ಎಡಿಟ್ ತೆರೆಯೋಕೆ ಆಗಲ್ಲ. ಅಡ್ಮಿನ್ ಪಾಸ್‌ವರ್ಡ್ ಕೇಳಿದ್ರೆ 'ಸೆಕ್ಯೂರಿಟಿ ಪಾಲಿಸಿ ಸಾರ್'. ಪೈ ನಮ್ಮ ಮೇಜಿನ ಮೇಲಿದೆ, ದುಡ್ಡು ನಮ್ಮದು, ಪಾಲಿಸಿ ಅವನದು! ಆದರೆ ಪೈಗೆ ಕೀಬೋರ್ಡ್ ಹಾಕಿ ಟರ್ಮಿನಲ್ ಸಿಕ್ಕರೆ ಸಾಕು. ಗ್ರಾಫಾನಾದ ಸಿಎಲ್‌ಐನಲ್ಲೇ (ಟೈಪ್ ಮಾಡಿ ನಡೆಸೋ ಕಮಾಂಡ್ ಟೂಲ್) ಅಡ್ಮಿನ್ ಪಾಸ್‌ವರ್ಡ್ ರೀಸೆಟ್ ಮಾಡೋ ಕಮಾಂಡ್ ಇದೆ, ಒಂದೇ ಸಾಲು. ಹಾಗೆ ಒಳಗೆ ಹೋಗಿ ನೋಡಿದಾಗ ತಲೆ ತಿರುಗಿತು.

ಮೊದಲನೇದು, ಪ್ಯಾನೆಲ್ ಕ್ವೆರಿಯ, ಅಂದ್ರೆ ಡೇಟಾಬೇಸಿಗೆ ಗ್ರಾಫ್ ಕೇಳೋ ಪ್ರಶ್ನೆಯ, ಕೊನೇಲಿ ಫಿಲ್ ಪ್ರೀವಿಯಸ್. ಇದೇ ಮುಖ್ಯ ಕಳ್ಳ. ಇನ್‌ಫ್ಲಕ್ಸಿನಲ್ಲಿ ಗ್ರೂಪ್ ಬೈ ಟೈಮ್ (ಹೊತ್ತನ್ನ ಸಮನಾದ ಕಿಂಡಿಗಳಾಗಿ ಭಾಗ ಮಾಡೋದು) ಹಾಕಿದಾಗ ಡೇಟಾ ಇಲ್ಲದ ಕಿಂಡಿಗೆ ಏನು ತುಂಬಬೇಕು ಅಂತ ಹೇಳೋದು ಫಿಲ್. ನಲ್ (null, ಖಾಲಿ ಬೆಲೆ), ನನ್ (none, ಆ ಸಾಲೇ ಬೇಡ), ಲೀನಿಯರ್, ಸೊನ್ನೆ ಅಥವಾ ಬೇರೆ ಅಂಕಿ, ಪ್ರೀವಿಯಸ್. ಪ್ರೀವಿಯಸ್ ಅಂದ್ರೆ ಹಿಂದಿನ ಬೆಲೆಯನ್ನೇ ಮುಂದಕ್ಕೆ ಎಳೀತಾ ಹೋಗು ಅಂತ. ಡ್ಯಾಶ್‌ಬೋರ್ಡಿನ ಅವಧಿ 'ಕಳೆದ 24 ಗಂಟೆ' ಅಂತ ಇತ್ತು. ಹೀಗಾಗಿ ಸಂಜೆ 5:50ಕ್ಕೆ ಸತ್ತ ಬೋರ್ಡು ಮರುದಿನ ಸಂಜೆವರೆಗೂ ಬದುಕಿದ ಹಾಗೇ ಕಾಣೋದು. ಕೊನೆಯ ನಿಜವಾದ ರೀಡಿಂಗ್ ಅವಧಿಯಿಂದ ಹೊರಗೆ ಬಿದ್ದ ಮೇಲೆ ಮಾತ್ರ 'ನೋ ಡೇಟಾ'. ಅವಧಿ 1 ಗಂಟೆ ಇಟ್ಟಿದ್ರೆ 7 ಗಂಟೆಯೊಳಗೆ ಗೊತ್ತಾಗ್ತಿತ್ತು. ಹಾಲೂ ಉಳೀತಿತ್ತು.

ಪಕ್ಕದ ದೊಡ್ಡ ಹಸಿರು ನಂಬರಿನ ಸ್ಟ್ಯಾಟ್ ಪ್ಯಾನೆಲ್ಲೂ ಅದೇ ಕ್ವೆರಿ ಮೇಲೆ. ಅದರ ಕ್ಯಾಲ್ಕುಲೇಷನ್ನಲ್ಲಿ 'ಲಾಸ್ಟ್' ಅಂತ ಎರಡು ಇರುತ್ತೆ, ಒಂದರ ಮುಂದೆ ನಕ್ಷತ್ರದ ಗುರುತು. ನಕ್ಷತ್ರ ಇರೋದು ನಲ್ ಬಿಟ್ಟು ಕೊನೆಯ ಬೆಲೆ ಹುಡುಕಿ ತೋರಿಸುತ್ತೆ. ಸಾಮಾನ್ಯವಾಗಿ ಇರೋದೇ ಅದು. ಹಾಗಾಗಿ ಫಿಲ್ ಸರಿ ಮಾಡಿದ್ರೂ ಆ ನಂಬರ್ ಮಾತ್ರ ಹಳೇದನ್ನೇ ಹಿಡ್ಕೊಂಡು ಕೂತಿರುತ್ತೆ. ಅದರ ಪಕ್ಕ 'ಕೊನೆಯ ರೀಡಿಂಗ್ ಬಂದು ಎಷ್ಟು ನಿಮಿಷ ಆಯ್ತು' ಅಂತ ಇನ್ನೊಂದು ಪ್ಯಾನೆಲ್ ಇಲ್ಲದಿದ್ರೆ ದೊಡ್ಡ ನಂಬರ್ ನಂಬಲೇಬೇಡಿ.

ಆಮೇಲೆ ಗ್ರೂಪ್ ಬೈ ಟೈಮ್ 1 ಗಂಟೆ, ಅದೂ ಮೀನ್, ಅಂದ್ರೆ ಸರಾಸರಿ. 20 ನಿಮಿಷ 12 ಡಿಗ್ರಿ, 40 ನಿಮಿಷ 4 ಡಿಗ್ರಿ ಇದ್ರೆ ಗ್ರಾಫಲ್ಲಿ ಬರೋದು 6.7. ನಿಮಿಷಕ್ಕೊಂದು ರೀಡಿಂಗ್ ಅಂತ ದುಡ್ಡು ತಗೊಂಡು ಗಂಟೆಗೊಂದು ಚುಕ್ಕಿ ತೋರಿಸೋದು! ಮೀನ್ ಬೇಕಾದ್ರೆ ಇರಲಿ, ಜೊತೆಗೆ ಮ್ಯಾಕ್ಸ್ ಒಂದು ಗೆರೆ ಇರಲೇಬೇಕು. ಇಂಟರ್ವಲ್ (ಒಂದೊಂದು ಚುಕ್ಕಿಯ ಅವಧಿ) ಕೈಯಾರೆ ಬರೆಯೋ ಬದಲು ಗ್ರಾಫಾನಾದ ಇಂಟರ್ವಲ್ ವೇರಿಯಬಲ್ ಹಾಕಿ, 'ಮಿನ್ ಇಂಟರ್ವಲ್' 1 ನಿಮಿಷ ಮಾಡಿ.

ವೈ ಅಕ್ಷಕ್ಕೆ ಮ್ಯಾಕ್ಸ್ 8 ಅಂತ ಗಟ್ಟಿಯಾಗಿ ಕೂರಿಸಿದ್ದ. ಹಾಲು ಬಿದ್ದಾಗ ಗೆರೆ ಚೌಕಟ್ಟಿನ ಹೊರಗೆ ಹೋಗಿ ಕಾಣದಾಗಿಬಿಡೋದು, 20 ಆಯ್ತಾ 30 ಆಯ್ತಾ ಗೊತ್ತೇ ಆಗ್ತಿರಲಿಲ್ಲ. ಯಾಕೆ ಹೀಗೆ ಅಂದ್ರೆ, 'ಮೇಲೆ ಹೋದ್ರೆ ಕಸ್ಟಮರ್ ಹೆದರ್ತಾರೆ ಸಾರ್.' ಸಾಫ್ಟ್ ಮ್ಯಾಕ್ಸ್ ಅಂತ ಬೇರೆಯೇ ಇದೆ: ಮಾಮೂಲಿ ದಿನ 8ರವರೆಗೆ ತೋರಿಸುತ್ತೆ, ಮೀರಿದ್ರೆ ತಾನೇ ಹಿಗ್ಗುತ್ತೆ. ಅದನ್ನ ಹಾಕೋಕೆ ಇನ್ನೊಂದು ಕ್ಲಿಕ್ ಕೂಡ ಬೇಡ.

ಗೆರೆಗೆ ಸ್ಮೂತ್, 'ಕನೆಕ್ಟ್ ನಲ್ ವ್ಯಾಲ್ಯೂಸ್' ಅನ್ನೋ ಕಡೆ 'ಆಲ್ವೇಸ್' ಇಟ್ಟಿದ್ದ. ಡೇಟಾ ಮತ್ತೆ ಬಂದ ಮೇಲೆ ಮಧ್ಯದ ಹೊಂಡಕ್ಕೆ ಸೇತುವೆ ಕಟ್ಟೋದು ಇದು, ಮಾರನೇ ದಿನ ನೋಡಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ. 'ಆಲ್ವೇಸ್' ಬದಲು ಥ್ರೆಶೋಲ್ಡ್ (ಇದಕ್ಕಿಂತ ದೊಡ್ಡ ಹೊಂಡಕ್ಕೆ ಸೇತುವೆ ಬೇಡ ಅನ್ನೋ ಮಿತಿ) 3 ನಿಮಿಷ ಇಟ್ಟು, ಕ್ವೆರಿಯಲ್ಲಿ ಫಿಲ್ ನಲ್ ಮಾಡಿ. ಇಲ್ಲೊಂದು ಬಹಳ ಜನ ಎಡವೋ ಜಾಗ ಇದೆ. ಫಿಲ್ ನನ್ ಹಾಕಿದ್ರೆ ನಲ್ ಅನ್ನೋದೇ ಬರಲ್ಲ, ಸಾಲುಗಳೇ ಇರಲ್ಲ. ಆಗ ಕನೆಕ್ಟ್ ನಲ್ 'ನೆವರ್' ಇಟ್ರೂ ಗ್ರಾಫಾನಾ ದೂರದ ಎರಡು ಚುಕ್ಕಿಗೆ ನೇರ ಗೆರೆ ಎಳೆದುಬಿಡುತ್ತೆ. ಅದಕ್ಕೆ ಪಕ್ಕದ 'ಡಿಸ್‌ಕನೆಕ್ಟ್ ವ್ಯಾಲ್ಯೂಸ್' ಥ್ರೆಶೋಲ್ಡ್ ಬೇಕು.

ಮೆಸೇಜ್ ಯಾಕೆ ಬರಲಿಲ್ಲ ಅಂತ ಕೇಳ್ತೀರಾ? ಅಲರ್ಟ್ ರೂಲ್ ಇತ್ತು, 6ರ ಮೇಲೆ ಹೋದ್ರೆ ಅಂತ. ಕ್ವೆರಿ ಮಾತ್ರ ಅದೇ ಫಿಲ್ ಪ್ರೀವಿಯಸ್. 4.1 ಎಂದಾದ್ರೂ 6 ದಾಟುತ್ತಾ? ಸಾಲದ್ದಕ್ಕೆ ಡೇಟಾ ಬರದಿದ್ರೆ ಏನು ಅನ್ನೋ ಕಡೆ 'ನಾರ್ಮಲ್' ಅಂತ ಇಟ್ಟಿದ್ದ. ಡೇಟಾ ಇಲ್ಲ ಅಂದ್ರೆ ನಾರ್ಮಲ್ಲಂತೆ. ಅದಕ್ಕೂ ಉತ್ತರ ರೆಡಿ: 'ವೈಫೈ ಹೋದಾಗೆಲ್ಲ ಮೆಸೇಜ್ ಬಂದ್ರೆ ನಮಗೆ ಫೋನ್ ಮಾಡ್ತಾರೆ ಸಾರ್.' ಫೋನ್ ಬರಬಾರದು ಅಂತ ಕಾವಲು ನಾಯಿಯ ಬಾಯಿ ಕಟ್ಟಿದ ಹಾಗಾಯ್ತು. ಅಲ್ಲಿ 'ಅಲರ್ಟಿಂಗ್' ಇರಬೇಕು. ಕ್ವೆರಿ ಅವಧಿ ಕಳೆದ 10 ನಿಮಿಷ, ಫಿಲ್ ನನ್. ಟೆಂಪರೇಚರ್ ಮಿತಿಗೆ ಬೇರೆ ರೂಲ್: ಹಾಲು ಬಿದ್ದಾಗ ಏರೋದು ಸಹಜ, ನಮ್ಮ ಟ್ಯಾಂಕು ಇಳಿಸೋಕೆ ಎರಡೂವರೆ ಮೂರು ಗಂಟೆ ತಗೊಳುತ್ತೆ, ಅದಕ್ಕೆ '10ರ ಮೇಲೆ 2 ಗಂಟೆ' ಅಂತ ಪೆಂಡಿಂಗ್ ಪೀರಿಯಡ್ (ಅಷ್ಟು ಹೊತ್ತು ಹಾಗೇ ಇದ್ರೆ ಮಾತ್ರ ಮೆಸೇಜ್) ಕೊಟ್ಟಿದೀವಿ. ನಿಮ್ಮ ಟ್ಯಾಂಕಿನ ಲೆಕ್ಕ ನೀವೇ ಹಾಕ್ಕೊಳ್ಳಿ.

ಇಷ್ಟಾದ್ರೂ ಮುಗೀಲಿಲ್ಲ. ಬೋರ್ಡಿನ ಕೋಡ್ ನೋಡಿದ್ವಿ. ಡಿಎಸ್18ಬಿ20 ತಂತಿ ಕಿತ್ತರೆ, ಪ್ರೋಬ್ ಓದೋಕೆ ಕೋಡಲ್ಲಿ ಬಳಸಿದ ಲೈಬ್ರರಿ ಕೊಡೋದು ಮೈನಸ್ 127. ಕರೆಂಟ್ ಬಂದು ಮೊದಲ ಅಳತೆ ಮುಗಿಯೋ ಮೊದಲೇ ಓದಿದ್ರೆ 85. 12 ಬಿಟ್ ಅಳತೆಗೆ ಮುಕ್ಕಾಲು ಸೆಕೆಂಡ್ ಬೇಕು. ಇವೆರಡು ನಂಬರ್ ಗೊತ್ತಿಲ್ಲದ ಟೆಕ್ನಿಷಿಯನ್ ಇಲ್ಲ. ಬಂದ್ರೆ ಬಿಸಾಕಿ 'ಸೆನ್ಸರ್ ಫಾಲ್ಟ್' ಅಂತ ಬೇರೆ ಫೀಲ್ಡಲ್ಲಿ ಕಳಿಸಬೇಕು. ಇವನ ಕೋಡು ಏನು ಮಾಡ್ತಿತ್ತು? ಹಿಂದಿನ ಒಳ್ಳೆ ರೀಡಿಂಗನ್ನೇ ಮತ್ತೆ ಕಳಿಸ್ತಿತ್ತು. ಅಂದ್ರೆ ಫೇಸ್ ಹೋಗದೆ ಬರೀ ಇಲಿ ತಂತಿ ಕಡಿದಿದ್ರೂ 4.1 ಬರ್ತಾನೇ ಇರ್ತಿತ್ತು, ಅದೂ ಹೊಸ ಟೈಮ್ ಹಾಕ್ಕೊಂಡು. ಆಗ ಯಾವ ನೋ ಡೇಟಾ ಅಲರ್ಟೂ ಕಾಪಾಡಲ್ಲ.

ಟೈಮಿನ ಕಥೆ ಬೇರೆ. ಹಾಕಿದ ದಿನ ಗ್ರಾಫ್ ಖಾಲಿ ಖಾಲಿ ಬಂದಿತ್ತು. ಕಾರಣ, ಇಂಟರ್ನೆಟ್ಟಿಂದ ಟೈಮ್ ತರೋ ಎನ್‌ಟಿಪಿ ಲೈಬ್ರರಿಗೆ ನಮ್ಮ ಐದೂವರೆ ಗಂಟೆ, ಅಂದ್ರೆ 19,800 ಸೆಕೆಂಡ್ ಆಫ್‌ಸೆಟ್ ಕೊಟ್ಟು ಅದರಿಂದ ಎಪಾಕ್ (ಸೆಕೆಂಡಿನಲ್ಲಿ ಎಣಿಸಿದ ಟೈಮ್) ತಗೊಂಡು ಕಳಿಸಿದ್ದ. ಆಫ್‌ಸೆಟ್ ಎಪಾಕಿಗೂ ಸೇರಿಬಿಡುತ್ತೆ. ಇನ್‌ಫ್ಲಕ್ಸ್ ಲೆಕ್ಕ ಇಡೋದು ಯುಟಿಸಿಯಲ್ಲಿ (ಲೋಕಕ್ಕೆಲ್ಲ ಒಂದೇ ಆದ ಟೈಮ್, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ), ಹಾಗಾಗಿ ಡೇಟಾ ಎಲ್ಲ ಐದೂವರೆ ಗಂಟೆ ಮುಂದಿನ ಕಾಲಕ್ಕೆ ಹೋಗಿ ಕೂತಿತ್ತು. ಆಫ್‌ಸೆಟ್ ಸೊನ್ನೆ ಮಾಡಿದ್ರೆ ಮುಗೀತು, ನಮ್ಮ ಗಂಟೆಗೆ ಬದಲಿಸಿ ತೋರಿಸೋದು ಗ್ರಾಫಾನಾದ ಕೆಲಸ. ಇವನು ಅದನ್ನ ಬಿಟ್ಟು ಬೋರ್ಡಿನ ಟೈಮನ್ನೇ ಕಿತ್ತುಹಾಕಿ, ಟೆಲಿಗ್ರಾಫಿಗೆ ಮೆಸೇಜ್ ಬಂದ ಹೊತ್ತನ್ನೇ ಟೈಮ್ ಅಂತ ಮಾಡಿದ. ಜೊತೆಗೆ ರಿಟೇನ್ ಆನ್. ರಿಟೇನ್ ಇದ್ರೆ ಬ್ರೋಕರ್ ಕೊನೆಯ ಮೆಸೇಜ್ ಇಟ್ಕೊಂಡು ಯಾರು ಹೊಸದಾಗಿ ಬಂದ್ರೂ ಕೊಡುತ್ತೆ. ಟೆಲಿಗ್ರಾಫ್ ರೀಸ್ಟಾರ್ಟ್ ಆದಾಗೆಲ್ಲ ಸತ್ತ ಬೋರ್ಡಿನ ಹಳೇ 4.1 ಈಗ ತಾನೇ ಬಂದ ರೀಡಿಂಗ್ ಆಗಿ ದಾಖಲಾಗುತ್ತೆ. ರೀಡಿಂಗಿಗೆ ರಿಟೇನ್ ಬೇಡವೇ ಬೇಡ. ರಿಟೇನ್ ಬೇಕಾಗೋದು ಆನ್‌ಲೈನ್, ಆಫ್‌ಲೈನ್ ಹೇಳೋ ಲಾಸ್ಟ್ ವಿಲ್ ಮೆಸೇಜಿಗೆ (ಬೋರ್ಡ್ ಸತ್ತರೆ ಅದರ ಪರವಾಗಿ ಬ್ರೋಕರ್ ಕಳಿಸೋದು). ಅದು ಅವನ ಕೋಡಲ್ಲಿ ಇರಲೇ ಇಲ್ಲ.

ಹೇಳಿಕೊಳ್ಳೋಕೆ ಮಾತ್ರ 'ರಿಯಲ್ ಟೈಮ್'. ಸ್ಕ್ರೀನ್ ರಿಫ್ರೆಶ್ 1 ಸೆಕೆಂಡ್ ಇಟ್ಟಿದ್ದ, ಅದಕ್ಕಂತಲೇ ಕಾನ್ಫಿಗ್ ಫೈಲಲ್ಲಿ 5 ಸೆಕೆಂಡಿನ ಕನಿಷ್ಠ ಮಿತಿಯನ್ನೂ ತೆಗೆದಿದ್ದ. ನಿಮಿಷಕ್ಕೊಮ್ಮೆ ಬರೋ ಡೇಟಾವನ್ನ ಸೆಕೆಂಡಿಗೊಮ್ಮೆ ಕೇಳಿ ಏನು ಸಿಗುತ್ತೆ? ಪೈ ಬಿಸಿಯಾಗುತ್ತೆ ಅಷ್ಟೇ. ಡೆಮೋದಲ್ಲಿ ಕುಣಿಯೋ ಗೆರೆ ತೋರಿಸಿದ್ದು ನೆನಪಾಗಿ ಆ ಡ್ಯಾಶ್‌ಬೋರ್ಡೂ ತೆಗೆದು ನೋಡಿದ್ವಿ, ಪೈಯಲ್ಲೇ ಉಳಿದಿತ್ತು. ಡೇಟಾ ಸೋರ್ಸ್ 'ಟೆಸ್ಟ್‌ಡೇಟಾ', ಸಿನಾರಿಯೋ 'ರ‍್ಯಾಂಡಮ್ ವಾಕ್'. ಬೇರೆ ಡೈರಿಯ ಲೈವ್ ಅಂತ ನಮಗೆ ತೋರಿಸಿದ್ದು ಗ್ರಾಫಾನಾ ತಾನೇ ಹುಟ್ಟಿಸೋ ಸುಳ್ಳು ನಂಬರ್. ಯಾವ ಡೈರಿಯೂ ಇರಲಿಲ್ಲ. ಇದನ್ನ ಕೇಳಿದ್ದಕ್ಕೆ 'ಅದು ಸ್ಯಾಂಪಲ್ ಸಾರ್, ಎಲ್ಲರೂ ಹಂಗೇ ತೋರಿಸೋದು' ಅಂದ.

ಗ್ರಾಫಾನಾ ಮೇಲೆ ನನಗೆ ಸಿಟ್ಟಿಲ್ಲ, ಸರಿಯಾಗಿ ಹಾಕಿದ್ರೆ ಅದು ಸರಿಯಾಗೇ ಹೇಳುತ್ತೆ. ಈಗ ಅದೇ ಪೈ ಮೇಲೆ ನಾವೇ ತಿದ್ದಿಕೊಂಡು ಓಡಿಸ್ತಿದೀವಿ. ಬೋರ್ಡಿಗೆ ಯುಪಿಎಸ್ ಲೈನ್ ಎಳೆದಿದೀವಿ.

ನೀವು ಬಾಕಿ ದುಡ್ಡು ಕೊಡೋ ಮೊದಲು ಅವರ ಎದುರಿಗೇ ಪ್ರೋಬ್ ತೆಗೆದು ಒಂದು ಲೋಟ ಬಿಸಿನೀರಿಗೆ ಹಾಕಿ. ಎರಡು ನಿಮಿಷದಲ್ಲಿ ಗೆರೆ ಏರಬೇಕು, ಚೌಕಟ್ಟಿನೊಳಗೇ ಕಾಣಬೇಕು. ಆಮೇಲೆ ಪ್ರೋಬಿನ ತಂತಿ ಕೀಳಿ, ಫಾಲ್ಟ್ ತೋರಿಸಬೇಕು. ಆಮೇಲೆ ಬೋರ್ಡಿನ ಅಡಾಪ್ಟರ್ ಕಿತ್ತು ಟೀ ಕುಡಿದು ಬನ್ನಿ. ಹದಿನೈದು ನಿಮಿಷಕ್ಕೆ ಮೊಬೈಲಿಗೆ ಮೆಸೇಜ್ ಬರಬೇಕು, ಗೆರೆ ತುಂಡಾಗಿರಬೇಕು. 'ಅಷ್ಟೆಲ್ಲ ಬೇಡ ಸಾರ್' ಅಂದ್ರೆ ಅಲ್ಲೇ ಎಬ್ಬಿಸಿ ಕಳಿಸಿ. ಅಡ್ಮಿನ್ ಪಾಸ್‌ವರ್ಡ್ ಕೊಡಲ್ಲ ಅಂದ್ರೂ ಅಷ್ಟೇ. ಥರ್ಮಾಮೀಟರ್ ಪುಸ್ತಕ ಮುಚ್ಚಬೇಡಿ.

ನಮ್ಮದು ಇನ್ನೂ ₹9,000 ಬಾಕಿ ಇದೆ. ಹೋದ ವಾರ ಮೆಸೇಜ್ ಹಾಕಿದಾನೆ: 'ಸಾರ್, ಪೇಮೆಂಟ್ ಕ್ಲಿಯರ್ ಮಾಡಿದ್ರೆ ಎಎಂಸಿಯಲ್ಲಿ ಆ ನೋ ಡೇಟಾ ಫೀಚರ್ ಸೇರಿಸಿಕೊಡ್ತೀನಿ.' ಫೀಚರಂತೆ! ಒಂದು ಡ್ರಾಪ್‌ಡೌನಲ್ಲಿ 'ನಾರ್ಮಲ್' ಇದ್ದದ್ದನ್ನ 'ಅಲರ್ಟಿಂಗ್' ಮಾಡೋದು. ಉತ್ತರ ಕೊಟ್ಟಿಲ್ಲ. ಒಡೆದ ಹಾಲಿನ ಫೋಟೋ ಕಳಿಸಿ ಸುಮ್ಮನಾಗಿದೀನಿ.