ಏಮ್ಸ್ ಮತ್ತು ಅಯೋವಾ ಸಿಟಿ: ಎರಡೂ ಊರುಗಳಲ್ಲಿ ಬಾಳಿ ನೋಡಿದ ಮೇಲೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ಎರಡು ದೊಡ್ಡ ವಿಶ್ವವಿದ್ಯಾಲಯಗಳಿವೆ: ಏಮ್ಸ್‌ನಲ್ಲಿ ಅಯೋವಾ ಸ್ಟೇಟ್, ಅಯೋವಾ ಸಿಟಿಯಲ್ಲಿ ಅಯೋವಾ ವಿಶ್ವವಿದ್ಯಾಲಯ. ಅವೆರಡರ ನಡುವಿನ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ನಾನು ಎರಡು ಸಲ ಕ್ರೀಡಾಂಗಣದಲ್ಲೇ ಕುಳಿತು ನೋಡಿದ್ದೇನೆ. 2019ರ ಸೆಪ್ಟೆಂಬರ್‌ನಲ್ಲಿ ಏಮ್ಸ್‌ನ ಜ್ಯಾಕ್ ಟ್ರೈಸ್ ಕ್ರೀಡಾಂಗಣದಲ್ಲಿ, ಸಿಡಿಲಿನ ಭಯದಿಂದ ಎರಡು ಬಾರಿ ನಿಂತು ಮತ್ತೆ ಆರಂಭವಾದ ಆ ಪಂದ್ಯವನ್ನು ಅಯೋವಾ ವಿಶ್ವವಿದ್ಯಾಲಯ 18-17ರಿಂದ ಗೆದ್ದಿತು. 2024ರ ಸೆಪ್ಟೆಂಬರ್‌ನಲ್ಲಿ ಅಯೋವಾ ಸಿಟಿಯ ಕಿನ್ನಿಕ್ ಕ್ರೀಡಾಂಗಣದಲ್ಲಿ, ಕೊನೆಯ ಕ್ಷಣಗಳಲ್ಲಿ 54 ಗಜ ದೂರದಿಂದ ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಿದ ಅಯೋವಾ ಸ್ಟೇಟ್ 20-19ರಿಂದ ಗೆದ್ದಿತು. ಎರಡೂ ಸಲ ಆತಿಥೇಯರು ಸೋತದ್ದು ಒಂದೇ ಒಂದು ಅಂಕದಿಂದ, ಎರಡೂ ಸಲ ನಾನು ಸೋತ ಊರಿನ ನಿವಾಸಿಯಾಗಿದ್ದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಪಂದ್ಯದ ಕೊನೆಯ ಆಟಕ್ಕಿಂತ ಹೆಚ್ಚಾಗಿ, ಆಮೇಲೆ ಆ ಅರವತ್ತು ಸಾವಿರಕ್ಕೂ ಮಿಕ್ಕ ಜನ ಎತ್ತ ಹೋದರು ಎಂಬುದು.

ಏಮ್ಸ್‌ನಲ್ಲಿ ಅವರು ತಮ್ಮ ವಾಹನಗಳತ್ತ ಹೋದರು. ಜ್ಯಾಕ್ ಟ್ರೈಸ್ ಕ್ರೀಡಾಂಗಣ ಊರಿನ ದಕ್ಷಿಣ ಅಂಚಿನಲ್ಲಿದ್ದು, ಅದರ ಸುತ್ತ ಕಣ್ಣು ಹಾಯುವಷ್ಟು ದೂರ ವಾಹನ ನಿಲ್ಲಿಸುವ ಬಯಲುಗಳಿವೆ. ಬೆಳಿಗ್ಗೆಯೇ ಬಂದು ಗುಡಾರ ಹಾಕಿ, ಒಲೆ ಹೂಡಿ, ಮನೆಯಿಂದ ತಂದದ್ದನ್ನು ಬೇಯಿಸಿ ತಿಂದು, ಪಂದ್ಯ ನೋಡಿ, ಮತ್ತೆ ಅಲ್ಲಿಯೇ ಉಂಡು, ಹೆದ್ದಾರಿ ಹಿಡಿದು ಮನೆಗೆ ಮರಳುವುದು ಅಲ್ಲಿನ ಕ್ರಮ. ಕಿನ್ನಿಕ್ ಕ್ರೀಡಾಂಗಣವಾದರೋ ಮನೆಗಳ ನಡುವೆಯೇ ಎದ್ದು ನಿಂತಿದೆ. ಮೆಲ್ರೋಸ್ ರಸ್ತೆಯ ನಿವಾಸಿಗಳು ತಮ್ಮ ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸಲು ಬಿಟ್ಟು ಹಣ ಪಡೆಯುತ್ತಾರೆ. ಪಂದ್ಯ ಮುಗಿದೊಡನೆ ಜನಸಮೂಹದ ಒಂದು ದೊಡ್ಡ ಪಾಲು ಅಯೋವಾ ನದಿಯ ಸೇತುವೆ ದಾಟಿ, ಪೇಟೆಯ ಮಧ್ಯದ ನಡೆದಾಡುವ ಬೀದಿಗೆ ಬಂದು, ಅಲ್ಲಿನ ಊಟದ ಮನೆಗಳನ್ನು ತುಂಬುತ್ತದೆ. ಏಮ್ಸ್‌ನ ಮುಖ್ಯಬೀದಿಯೂ ಕ್ರೀಡಾಂಗಣದಿಂದ ನಡೆಯಲಾಗದಷ್ಟು ದೂರವಿಲ್ಲ. ಆದರೆ ಕಾರು, ಕುರ್ಚಿ, ಒಲೆ, ನೆಂಟರು ಎಲ್ಲವೂ ಬಯಲಿನಲ್ಲೇ ಇರುವಾಗ ಪೇಟೆಗೆ ನಡೆದುಹೋಗುವ ಕಾರಣವೇ ಹುಟ್ಟುವುದಿಲ್ಲ.

ಇದನ್ನು ನಾನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಆಧಾರ ನಮ್ಮ ಮನೆಯ ಸಣ್ಣ ವ್ಯಾಪಾರ. ನಾವು 2013ರಿಂದ 2019ರ ಕೊನೆಯವರೆಗೆ ಏಮ್ಸ್‌ನಲ್ಲಿದ್ದೆವು. 2020ರ ಆರಂಭದಲ್ಲಿ ಅಯೋವಾ ಸಿಟಿಗೆ ಅಂಟಿಕೊಂಡಿರುವ ಕೋರಲ್‌ವಿಲ್‌ಗೆ ಬಂದೆವು. ನನ್ನ ಹೆಂಡತಿ ಕೋಡುಬಳೆ, ಶೇಂಗಾ ಚಟ್ನಿಪುಡಿ ಮತ್ತು ಕೊಬ್ಬರಿ ಮಿಠಾಯಿಗಳನ್ನು ಎರಡೂ ಕಡೆ ಶನಿವಾರದ ರೈತರ ಸಂತೆಯಲ್ಲಿ ಮಾರಿದ್ದಾಳೆ: ಏಮ್ಸ್‌ನಲ್ಲಿ ಮುಖ್ಯಬೀದಿಯ ಸಂತೆ, ಅಯೋವಾ ಸಿಟಿಯಲ್ಲಿ ಚಾನ್ಸಿ ಸ್ವಾನ್ ವಾಹನ ನಿಲ್ದಾಣದ ಕೆಳಗಿನ ಸಂತೆ. ಏಮ್ಸ್‌ನಲ್ಲಿ ಪಂದ್ಯದ ಶನಿವಾರ ಬಂತೆಂದರೆ ತಂದ ಡಬ್ಬಗಳಲ್ಲಿ ಅರ್ಧ ಹಾಗೆಯೇ ಹಿಂದಕ್ಕೆ ಬರುತ್ತಿದ್ದವು. ಪಂದ್ಯಕ್ಕೆ ಹೋಗುವವರು ಆಗಲೇ ಬಯಲು ಸೇರಿರುತ್ತಿದ್ದರು, ಹೋಗದವರು ವಾಹನ ದಟ್ಟಣೆಗೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದರು. ಅಯೋವಾ ಸಿಟಿಯಲ್ಲಿ ಫಲ ಪಂದ್ಯದ ವೇಳೆಯನ್ನು ಅವಲಂಬಿಸಿತ್ತು. ಮಧ್ಯಾಹ್ನ ಎರಡೂವರೆಗೋ ಸಂಜೆಯೋ ಪಂದ್ಯವಿದ್ದರೆ, ಪೇಟೆಯ ಹೋಟೆಲುಗಳಲ್ಲಿ ತಂಗಿದ್ದ ಹೊರಊರಿನವರು ಬೆಳಿಗ್ಗೆ ಕಾಫಿ ಹಿಡಿದು ಸಂತೆಗೆ ಬರುತ್ತಿದ್ದರು, ಮತ್ತು ಹತ್ತೂವರೆಗೆಲ್ಲ ಕೋಡುಬಳೆ ಖಾಲಿಯಾಗುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೇ ಪಂದ್ಯ ಆರಂಭವಾದರೆ ಏಮ್ಸ್‌ನ ಕಥೆಯೇ ಇಲ್ಲಿಯೂ ನಡೆಯುತ್ತಿತ್ತು. ಆ ವೇಳೆಯನ್ನು ನಿರ್ಧರಿಸುವವರು ಊರಿನವರಲ್ಲ, ವಿಶ್ವವಿದ್ಯಾಲಯದವರೂ ಅಲ್ಲ. ಪ್ರಸಾರದ ಹಕ್ಕು ಕೊಂಡ ಟೆಲಿವಿಷನ್ ಸಂಸ್ಥೆಗಳು ಎಷ್ಟೋ ಪಂದ್ಯಗಳ ವೇಳೆಯನ್ನು ಎರಡು ವಾರಕ್ಕೂ ಕಡಿಮೆ ಮುಂಚಿತವಾಗಿ ತಿಳಿಸುತ್ತವೆ. ಎಷ್ಟು ಹಿಟ್ಟು ನಾದಬೇಕೆಂಬ ನಮ್ಮ ಅಡುಗೆಮನೆಯ ಲೆಕ್ಕ ನ್ಯೂಯಾರ್ಕಿನ ಯಾವುದೋ ಕಚೇರಿಯ ತೀರ್ಮಾನಕ್ಕೆ ಕಾಯುತ್ತಿತ್ತು.

ಹಾಗೆಂದು ಫುಟ್‌ಬಾಲ್ ನಂಬಿ ಬದುಕುವ ಸ್ಥಿತಿ ಯಾವ ಊರಿಗೂ ಇಲ್ಲ. ವರ್ಷಕ್ಕೆ ತವರು ನೆಲದ ಪಂದ್ಯಗಳು ಆರೋ ಏಳೋ ಮಾತ್ರ. ಆ ಆರೇಳು ವಾರಾಂತ್ಯಗಳಲ್ಲಿ ಹೋಟೆಲುಗಳು ಬಾಡಿಗೆಯನ್ನು ಮನಬಂದಂತೆ ಏರಿಸುವುದು ಎರಡೂ ಕಡೆ ಒಂದೇ. ಹಾಸನದಿಂದ ಬಂದ ನನ್ನ ಅತ್ತೆ ಮಾವನ ಜೊತೆ ಬಂದಿದ್ದ ನೆಂಟರಿಗೆ ಅಂಥ ಒಂದು ಶುಕ್ರವಾರ ನಾವು ಕಾದಿರಿಸಿದ್ದ ಕೋಣೆಯನ್ನು ಒಂದು ಹೋಟೆಲ್ ಕೊನೆಯ ಗಳಿಗೆಯಲ್ಲಿ ರದ್ದುಮಾಡಿ, ಅವರು ನಲವತ್ತು ಮೈಲಿ ದೂರದಲ್ಲಿ ಮಲಗುವಂತಾದದ್ದನ್ನು ನಾನು ಇನ್ನೂ ಮರೆತಿಲ್ಲ. ಉಳಿದ ನಲವತ್ತೈದು ವಾರ ಊರು ಯಾವುದರ ಮೇಲೆ ನಿಲ್ಲುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಏಮ್ಸ್ ನಿಲ್ಲುವುದು ಯಂತ್ರ, ಮಣ್ಣು ಮತ್ತು ದನಕರುಗಳ ವಿದ್ಯೆಯ ಮೇಲೆ. ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳಿಗಾಗಿ 1862ರಲ್ಲಿ ಅಮೆರಿಕ ಸರ್ಕಾರ ಭೂಮಿ ಕೊಡುವ ಕಾಯಿದೆ ತಂದಾಗ ಅದನ್ನು ಮೊದಲು ಒಪ್ಪಿಕೊಂಡ ರಾಜ್ಯ ಅಯೋವಾ, ಅದರ ನೆರವಿನಿಂದ ಬೆಳೆದದ್ದು ಅಯೋವಾ ಸ್ಟೇಟ್. ಅಟಾನಸಾಫ್ ಮತ್ತು ಬೆರ್ರಿ 1942ರ ವೇಳೆಗೆ ವಿದ್ಯುನ್ಮಾನ ಗಣಕಯಂತ್ರವನ್ನು ಕಟ್ಟಿದ್ದು ಇಲ್ಲಿಯೇ. ಯುದ್ಧಕಾಲದಲ್ಲಿ ಯುರೇನಿಯಂ ಶುದ್ಧೀಕರಿಸುವ ವಿಧಾನ ರೂಪುಗೊಂಡದ್ದೂ ಇಲ್ಲಿಯೇ. ಇಂದು ಕೇಂದ್ರ ಸರ್ಕಾರದ ಪ್ರಯೋಗಾಲಯಗಳು, ಹೈಡ್ರಾಲಿಕ್ ಯಂತ್ರಭಾಗ ಮಾಡುವ ಡ್ಯಾನ್‌ಫಾಸ್, ಪಾಸ್ತಾ ಮಾಡುವ ಬರಿಲ್ಲಾ, 2008ರಲ್ಲಿ ಅದೇ ಊರಲ್ಲಿ ಹುಟ್ಟಿ 2014ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಸೇರಿದ ವರ್ಕಿವಾ ಎಲ್ಲವೂ ಅಲ್ಲಿವೆ. ಅಯೋವಾ ಸಿಟಿ ಮುಖ್ಯವಾಗಿ ನಿಲ್ಲುವುದು ಒಂದೇ ಆಸ್ಪತ್ರೆಯ ಮೇಲೆ. ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಆ ಸುತ್ತಿನ ಅತಿ ದೊಡ್ಡ ಉದ್ಯೋಗದಾತ, ಮತ್ತು ಅದು ಪಂದ್ಯ ಸೋತರೂ ಗೆದ್ದರೂ ರಾತ್ರಿಪಾಳಿಯಲ್ಲೂ ಸಂಬಳ ಕೊಡುತ್ತದೆ. ಆ ಆಸ್ಪತ್ರೆಗೂ ಕ್ರೀಡಾಂಗಣಕ್ಕೂ ನಡುವೆ ಬರೀ ಒಂದು ರಸ್ತೆ. 2017ರಿಂದ ಪ್ರತಿ ಪಂದ್ಯದ ಮೊದಲ ಕಾಲುಭಾಗ ಮುಗಿದೊಡನೆ ಪ್ರೇಕ್ಷಕರೆಲ್ಲರೂ, ಎದುರಾಳಿ ತಂಡದವರೂ ಸೇರಿ, ಮಕ್ಕಳ ಆಸ್ಪತ್ರೆಯ ಮೇಲಂತಸ್ತಿನ ಕಿಟಕಿಗಳತ್ತ ತಿರುಗಿ ಕೈಬೀಸುತ್ತಾರೆ. ಮೊದಲ ಸಲ ಅಲ್ಲಿ ನಿಂತು ಕೈ ಎತ್ತಿದಾಗ ನನಗೆ ಗಂಟಲು ಕಟ್ಟಿತು. ಏಮ್ಸ್ ಕಡೆ ನನಗೆ ಎಷ್ಟೇ ಒಲವಿದ್ದರೂ ಇದಕ್ಕೆ ಸಾಟಿಯಾದದ್ದು ಅಲ್ಲಿಲ್ಲ ಎಂದು ಒಪ್ಪುತ್ತೇನೆ.

ಇವೆರಡಕ್ಕಿಂತ ಆಳವಾದ ವ್ಯತ್ಯಾಸ ಊರಿನ ಗಡಿಯಲ್ಲಿದೆ. 2010ರಿಂದ 2020ರ ಜನಗಣತಿಯವರೆಗೆ ಏಮ್ಸ್ 58,965ರಿಂದ 66,427ಕ್ಕೆ ಬೆಳೆಯಿತು, ಮತ್ತು ಆ ಬೆಳವಣಿಗೆಯೆಲ್ಲ ಒಂದೇ ನಗರಸಭೆಯ ಅಡಿಯಲ್ಲಿ ಆಯಿತು. ಅದೇ ಹತ್ತು ವರ್ಷಗಳಲ್ಲಿ ಅಯೋವಾ ಸಿಟಿ 67,862ರಿಂದ 74,828ಕ್ಕೆ ಏರಿದರೆ, ಅದರ ಉತ್ತರಕ್ಕಿರುವ ನಾರ್ತ್ ಲಿಬರ್ಟಿ ಎಂಬ ಪುಟ್ಟ ಊರು 13,374ರಿಂದ 20,479ಕ್ಕೆ ಏರಿತು. ಕಳೆದು ನೋಡಿದರೆ ಮಗ್ಗುಲಿನ ಊರು ತಾಯಿ ಊರಿಗಿಂತ ಹೆಚ್ಚು ಜನರನ್ನು ಸೇರಿಸಿಕೊಂಡಿದೆ. ವಿಶ್ವವಿದ್ಯಾಲಯದ ಹೊಸ ಆಸ್ಪತ್ರೆಯೊಂದು 2025ರಲ್ಲಿ ತೆರೆದದ್ದೂ ಅಲ್ಲಿಯೇ. ನಡುವೆ ಇರುವ ಕೋರಲ್‌ವಿಲ್ 1998ರಲ್ಲಿ ದೊಡ್ಡ ಮಾಲ್ ಕಟ್ಟಿಸಿಕೊಂಡಿತು. ಮುಂದೆ ಹೆಚ್ಚಲಿರುವ ಆಸ್ತಿ ತೆರಿಗೆಯನ್ನೇ ನೆಚ್ಚಿ ಈಗಲೇ ಸಾಲ ಎತ್ತುವ ಪದ್ಧತಿಯನ್ನು ಧಾರಾಳವಾಗಿ ಬಳಸಿ ನದಿಯ ಬದಿಯಲ್ಲಿ ಹೋಟೆಲು, ಅಂಗಡಿ, ಹಾಕಿ ಕ್ರೀಡಾಂಗಣಗಳ ಹೊಸ ಬಡಾವಣೆ ಎಬ್ಬಿಸಿತು. 2013ರಲ್ಲಿ ವಾನ್ ಮಾರ್ ಬಟ್ಟೆ ಮಳಿಗೆಯನ್ನು ಅಯೋವಾ ಸಿಟಿಯಿಂದ ತನ್ನಲ್ಲಿಗೆ ಕರೆಸಿಕೊಂಡಿತು. ಹತ್ತು ನಿಮಿಷದ ಹಾದಿಯಲ್ಲಿ ಮೂರು ನಗರಸಭೆಗಳು ಒಂದೇ ಗ್ರಾಹಕನಿಗಾಗಿ ಪೈಪೋಟಿ ನಡೆಸುವುದನ್ನು ಬೆಳವಣಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ; ಅದರಲ್ಲಿ ಒಂದು ಭಾಗ ಬರೀ ಸ್ಥಳಾಂತರ. ಆದರೂ ನಾವು ಮನೆ ಕೊಳ್ಳಲು ಹೊರಟಾಗ ಈ ಪೈಪೋಟಿಯಿಂದಲೇ ಆಯ್ಕೆಗಳು ಹೆಚ್ಚಿದ್ದವು ಎಂಬುದನ್ನೂ ಮರೆಮಾಚಬಾರದು.

ಏಮ್ಸ್‌ನಲ್ಲಿ ಒಂದೇ ನಗರಸಭೆ ತನ್ನ ವಿದ್ಯುತ್ತನ್ನು ತಾನೇ ಹಂಚುತ್ತದೆ. 1975ರಷ್ಟು ಹಿಂದೆಯೇ ಊರಿನ ಕಸವನ್ನು ಉರಿಸಿ ವಿದ್ಯುತ್ ತೆಗೆಯುವ ವ್ಯವಸ್ಥೆ ಮಾಡಿಕೊಂಡ ಊರು ಅದು. ಸೈರೈಡ್ ಬಸ್ ಸೇವೆಯನ್ನು ನಗರ, ವಿಶ್ವವಿದ್ಯಾಲಯ ಮತ್ತು ವಿದ್ಯಾರ್ಥಿ ಸಂಘ ಮೂರೂ ಸೇರಿ ಹಣ ಹಾಕಿ ನಡೆಸುತ್ತವೆ. ಮೊದಲ ಎರಡು ವರ್ಷ ನಮ್ಮಲ್ಲಿ ಕಾರು ಇರಲಿಲ್ಲ. ಮೈನಸ್ ಇಪ್ಪತ್ತು ಡಿಗ್ರಿಯ ಬೆಳಗಿನಲ್ಲೂ ಆ ಬಸ್ಸು ಹೇಳಿದ ಹೊತ್ತಿಗೆ ಬರುತ್ತಿತ್ತು. ಅಯೋವಾ ಸಿಟಿಯಲ್ಲಿ ನಗರದ ಬಸ್ಸು ಬೇರೆ, ಕೋರಲ್‌ವಿಲ್‌ನದು ಬೇರೆ, ವಿದ್ಯಾರ್ಥಿಗಳೇ ಓಡಿಸುವ ಕ್ಯಾಂಬಸ್ ಬೇರೆ. ಕ್ಯಾಂಬಸ್ ಯಾರಿಗಾದರೂ ಉಚಿತ. 2023ರ ಆಗಸ್ಟ್‌ನಿಂದ ಅಯೋವಾ ಸಿಟಿಯೂ ತನ್ನ ಬಸ್ಸಿನಲ್ಲಿ ಟಿಕೆಟ್ ನಿಲ್ಲಿಸಿತು, ಇದು ನಿಜಕ್ಕೂ ಮೆಚ್ಚಬೇಕಾದ ಹೆಜ್ಜೆ. ಆದರೆ ಮೂರು ವೇಳಾಪಟ್ಟಿಗಳನ್ನು ಹೊಂದಿಸಿಕೊಂಡು ನಾರ್ತ್ ಲಿಬರ್ಟಿಯಿಂದ ಪೇಟೆಗೆ ಬರುವ ಸಾಹಸ ಮಾಡಿದವರಿಗೆ ಏಮ್ಸ್‌ನ ಬೆಲೆ ತಿಳಿಯುತ್ತದೆ.

ಏಮ್ಸ್‌ನ ದೌರ್ಬಲ್ಯ ಎಲ್ಲಿದೆ ಎಂದರೆ ಅದು ವಿದ್ಯಾರ್ಥಿಗಳ ಸಂಖ್ಯೆಯ ಜೊತೆ ಉಬ್ಬಿ, ಅದರ ಜೊತೆಯೇ ಕುಗ್ಗುತ್ತದೆ. 2016ರಲ್ಲಿ 36,000 ದಾಟಿದ್ದ ಅಯೋವಾ ಸ್ಟೇಟ್‌ನ ದಾಖಲಾತಿ ಆಮೇಲಿನ ವರ್ಷಗಳಲ್ಲಿ 30,000ದ ಆಸುಪಾಸಿಗೆ ಇಳಿಯಿತು. ಏರಿಕೆಯ ಕಾಲದಲ್ಲಿ ವಿಶ್ವವಿದ್ಯಾಲಯದ ಬದಿಯ ಕ್ಯಾಂಪಸ್‌ಟೌನ್ ಬಡಾವಣೆಯ ಹಳೆಯ ಒಂದಂತಸ್ತಿನ ಅಂಗಡಿಗಳನ್ನು ಕೆಡವಿ ಎತ್ತರದ ಬಾಡಿಗೆ ಮನೆಗಳನ್ನು ಕಟ್ಟಿದರು. ನಾವು ದಿನಸಿ ಕೊಳ್ಳುತ್ತಿದ್ದ ಸಣ್ಣ ಅಂಗಡಿಯೂ ಹಾಗೆಯೇ ಹೋಯಿತು. ಜೊತೆಗೆ, ದೊಡ್ಡ ಖರೀದಿಗೆ, ವಿಮಾನಕ್ಕೆ, ಒಳ್ಳೆಯ ಉದ್ಯೋಗ ಬದಲಾವಣೆಗೆ ಅರ್ಧ ಗಂಟೆಯ ದೂರದ ಡಿ ಮೊಯಿನ್ ನಗರವನ್ನೇ ನೆಚ್ಚಬೇಕು. ನಮ್ಮವರಿಗೆ ಈ ದಕ್ಷಿಣದ ಹಾದಿಯಲ್ಲಿ ಒಂದು ಲಾಭವಿದೆ: ರಾಜ್ಯದ ದೊಡ್ಡ ಹಿಂದೂ ದೇವಾಲಯ ಇರುವ ಮ್ಯಾಡ್ರಿಡ್ ಎಂಬ ಪುಟ್ಟ ಊರು ಏಮ್ಸ್‌ಗೆ ಹತ್ತಿರ. ಕೋರಲ್‌ವಿಲ್‌ನಿಂದ ಯುಗಾದಿಗೆ ಅಲ್ಲಿಗೆ ಹೋಗಿಬರುವುದೆಂದರೆ ಇಡೀ ದಿನದ ಕೆಲಸ.

ಹುಲ್ಲುಹಾಸಿನ ಆಟ ಬಿಟ್ಟು ಒಳಾಂಗಣಕ್ಕೆ ಬಂದರೆ ತಕ್ಕಡಿ ಮತ್ತೆ ತೂಗಾಡುತ್ತದೆ. ಏಮ್ಸ್‌ನ ಹಿಲ್ಟನ್ ಕೊಲಿಸಿಯಂ 1971ರಲ್ಲಿ ತೆರೆದದ್ದು, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತದೆ, ಮತ್ತು ಬ್ಯಾಸ್ಕೆಟ್‌ಬಾಲ್ ನಡೆಯುವಾಗ ಅಲ್ಲಿನ ಸದ್ದು ಎದೆಗೆ ಬಡಿಯುತ್ತದೆ. ಅದಕ್ಕೆ ಊರಿನವರು ಹಿಲ್ಟನ್ ಮ್ಯಾಜಿಕ್ ಎನ್ನುತ್ತಾರೆ, ಆ ಹೆಸರು ಉತ್ಪ್ರೇಕ್ಷೆಯಲ್ಲ. ಆದರೆ ವ್ಯಾಪಾರದ ದೃಷ್ಟಿಯಿಂದ ನಾನು ಕಂಡ ಅತಿ ದೊಡ್ಡ ಬದಲಾವಣೆ ತಂದದ್ದು ಅಯೋವಾ ಸಿಟಿಯ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ. 2023ರ ಅಕ್ಟೋಬರ್‌ನಲ್ಲಿ ಕಿನ್ನಿಕ್ ಬಯಲಿನಲ್ಲೇ ಅಂಕಣ ಹಾಸಿ ಆಡಿದ ಪಂದ್ಯಕ್ಕೆ 55,646 ಜನ ಬಂದರು. ಆ ಋತುವಿನಲ್ಲಿ ತಂಡದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್, ತನ್ನ ನಾಲ್ಕು ವರ್ಷಗಳ ಕಾಲೇಜು ಆಟದ ಒಟ್ಟು 3,951 ಅಂಕಗಳೊಡನೆ, ಕಾಲೇಜು ಪುರುಷರ ದಾಖಲೆಯನ್ನೂ ದಾಟಿದಳು. ಜನವರಿ, ಫೆಬ್ರವರಿಯ ಹಿಮದಲ್ಲಿ, ಪೇಟೆ ಸಾಮಾನ್ಯವಾಗಿ ಮಲಗಿರುವ ವಾರದ ನಡುವಿನ ರಾತ್ರಿಗಳಲ್ಲಿ, ಅಪ್ಪ ಅಮ್ಮಂದಿರ ಕೈಹಿಡಿದ ಹತ್ತು ವರ್ಷದ ಹುಡುಗಿಯರಿಂದ ಊಟದ ಮನೆಗಳು ತುಂಬಿದ್ದನ್ನು ನಾನು ಕಂಡೆ. ಫುಟ್‌ಬಾಲಿನ ಆರು ಶನಿವಾರಗಳಿಗಿಂತ ಚಳಿಗಾಲದುದ್ದಕ್ಕೂ ಹರಡಿದ ಆ ಹದಿನೈದು ಚಿಲ್ಲರೆ ಸಂಜೆಗಳು ಸಣ್ಣ ಅಂಗಡಿಗೆ ಹೆಚ್ಚು ಬೇಕಾದವು.

ಕುಸ್ತಿಯಲ್ಲಿ ಮಾತ್ರ ಎರಡೂ ಊರುಗಳು ಒಬ್ಬನೇ ಮನುಷ್ಯನ ಮೇಲೆ ಹಕ್ಕು ಹೂಡಬಹುದು. ಡ್ಯಾನ್ ಗೇಬಲ್ ಏಮ್ಸ್‌ನಲ್ಲಿ ಕಾಲೇಜು ಕುಸ್ತಿ ಆಡಿ, 1972ರ ಒಲಿಂಪಿಕ್ಸ್‌ನಲ್ಲಿ ಎದುರಾಳಿಗಳಿಗೆ ಒಂದೂ ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದು, ಆಮೇಲೆ ಅಯೋವಾ ಸಿಟಿಯ ತರಬೇತುದಾರನಾಗಿ 15 ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟವನು. ಮೈಸೂರಿನ ಗರಡಿಮನೆಗಳ ನಡುವೆ ಬೆಳೆದ ನನ್ನ ತಂದೆ ಇಲ್ಲಿಗೆ ಬಂದಾಗ ಅವರನ್ನು ಕಾರ್ವರ್-ಹಾಕೈ ಅಂಗಣದಲ್ಲಿ ನಡೆದ ಕುಸ್ತಿ ಪಂದ್ಯಕ್ಕೆ ಕರೆದೊಯ್ದೆ. ಕೆಮ್ಮಣ್ಣಿನ ಮಟ್ಟಿಯಿಲ್ಲ, ಚಾಪೆ. ಜಟ್ಟಿಗಳು ಮೈಗಂಟಿದ ಬಟ್ಟೆ ತೊಟ್ಟ ಕಾಲೇಜು ಹುಡುಗರು. ಆದರೆ ಒಬ್ಬ ಹುಡುಗ ಎದುರಾಳಿಯನ್ನು ಚಿತ್ ಮಾಡಿದಾಗ ಹದಿನಾಲ್ಕು ಸಾವಿರ ಜನರ ಜೊತೆ ನನ್ನ ತಂದೆಯೂ ಎದ್ದುನಿಂತರು. "ದಸರಾ ಕುಸ್ತಿಗೂ ಇಷ್ಟು ಜನ ಕೂತು ನೋಡಿದ್ದನ್ನ ನಾನು ಕಂಡಿಲ್ಲ ಕಣಪ್ಪ" ಎಂದರು.

ಈ ಬೇಸಿಗೆಯಲ್ಲಿ ನನ್ನ ಅಣ್ಣನ ಮಗಳಿಗೆ ಎರಡೂ ವಿಶ್ವವಿದ್ಯಾಲಯಗಳಿಂದ ಸ್ನಾತಕೋತ್ತರ ಪ್ರವೇಶ ಸಿಕ್ಕಿತು. "ಚಿಕ್ಕಪ್ಪ, ನೀವಿರುವ ಕಡೆಗೇ ಬರಲಾ?" ಎಂದು ಹಾಸನದಿಂದ ಕೇಳಿದಳು. ಇಲ್ಲಿ ನಮ್ಮ ಮನೆಯಿದೆ, ಅವಳು ನಮ್ಮ ಜೊತೆಯಲ್ಲೇ ಇರಬಹುದು. ಮುಂದೆ ಸಂಸಾರ, ವಯಸ್ಸಾದ ತಂದೆ ತಾಯಿ, ಸ್ವಂತ ಅಂಗಡಿ ಎಂಬ ಲೆಕ್ಕಗಳು ಬಂದಾಗ ಈ ಊರೇ ಮೇಲು ಎಂದು ನಾನು ನಂಬುತ್ತೇನೆ. ಆದರೆ ಅವಳಿಗೆ ಈಗ ಇಪ್ಪತ್ತೆರಡು ವರ್ಷ, ಕಾರು ಓಡಿಸಲು ಬರುವುದಿಲ್ಲ, ಓದುವುದು ಯಂತ್ರಶಾಸ್ತ್ರ. ಏಮ್ಸ್‌ಗೆ ಹೋಗು ಎಂದೆ. ಮನೆಯನ್ನು ಮಾತ್ರ ಬಸ್ಸಿನ ಕೆಂಪು ಮಾರ್ಗದ ಮೇಲೆ ಹಿಡಿಯಲು ಹೇಳಿದ್ದೇನೆ.