ಏಳು ವರ್ಷ ದುಡಿದ ಡಬ್ಬ: ಶಿರಾ ಗೇಟಿನ ನನ್ನ ಅಸೆಂಬಲ್ಡ್ ಕಂಪ್ಯೂಟರ್

2018ರ ಡಿಸೆಂಬರಿನಲ್ಲಿ ತಂದ ಕಂಪ್ಯೂಟರ್ ಇದು. ತುಮಕೂರಿನ ಶಿರಾ ಗೇಟ್ ಹತ್ತಿರ ನನ್ನದೊಂದು ಹತ್ತಡಿ ಅಗಲದ ಅಂಗಡಿ. ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟು, ಮದುವೆ ಪತ್ರಿಕೆ. ಬೆಳಿಗ್ಗೆ ಒಂಬತ್ತಕ್ಕೆ ಆನ್ ಮಾಡಿದರೆ ರಾತ್ರಿ ಎಂಟೂವರೆಗೆ ಆಫ್. ಭಾನುವಾರ ಮಧ್ಯಾಹ್ನ ಬಿಟ್ಟರೆ ಅದಕ್ಕೂ ರಜೆ ಇಲ್ಲ, ನನಗೂ ಇಲ್ಲ. ತಂದು ಹದಿನೈದು ದಿನಕ್ಕೇ ಬರೆಯುವ ವಿಮರ್ಶೆಗಳಲ್ಲಿ ಎಲ್ಲಾ ಸಾಮಾನೂ ಚೆನ್ನಾಗಿಯೇ ಇರುತ್ತದೆ. ಇದು ಏಳು ವರ್ಷ ದುಡಿಸಿಕೊಂಡ ಮೇಲೆ ಬರೆಯುತ್ತಿರುವುದು.

ಮೊದಲೇ ಹೇಳಿಬಿಡುತ್ತೇನೆ. ದುಬಾರಿ ಸಾಮಾನು ಒಂದೂ ತಾನಾಗಿ ಕೈ ಕೊಟ್ಟಿಲ್ಲ. ಕೈ ಕೊಟ್ಟಿದ್ದೆಲ್ಲ ಲಿಸ್ಟಿನ ಕೊನೆಯಲ್ಲಿ ನಾನು "ಯಾವುದಾದರೂ ಹಾಕಿ" ಅಂದ ಸಾಮಾನು.

ಆಗ ನನಗೆ ಬ್ರಾಂಡೆಡ್ ತಗೊಳ್ಳುವ ಆಸೆ. ತಮ್ಮ ಬೇಡ ಅಂದ. ಅವನು ಡಿಪ್ಲೊಮಾ ಮಾಡಿ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. "ಅಕ್ಕಾ, ಬ್ರಾಂಡೆಡ್‌ನಲ್ಲಿ ಎಷ್ಟೋ ಮಾಡೆಲ್‌ಗೆ ಎಸ್‌ಎಂಪಿಎಸ್ಸು, ಮದರ್‌ಬೋರ್ಡು ಎಲ್ಲಾ ಅವರದೇ ಅಳತೆ. ಒಂದು ಹೋದರೆ ಹೊರಗಿನದು ಕೂರಲ್ಲ" ಅಂದ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಸಾಮಾನಿಗೆಲ್ಲ ಹಂಚುವ ಡಬ್ಬಿ. ಬೆಳಗಿನ ರೈಲಿಗೆ ಹೋದೆ, ಅವನು ಮೆಜೆಸ್ಟಿಕ್‌ಗೆ ಬಂದ, ಇಬ್ಬರೂ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್ ಸುತ್ತಿದೆವು. ರೈಜೆನ್ 3 2200ಜಿ ಪ್ರೊಸೆಸರ್ ತಗೊಂಡೆವು. ನಾಲ್ಕು ಕೋರ್, ಗ್ರಾಫಿಕ್ಸ್ ಅದರೊಳಗೇ ಇದೆ, ಬೇರೆ ಕಾರ್ಡ್ ಬೇಡ. ಬಿ450 ಬೋರ್ಡ್. 8 ಜಿಬಿಯ ಒಂದೇ ರ‍್ಯಾಮ್ ಬದಲು 4 ಜಿಬಿಯ ಎರಡು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರಲ್ಲ, ರ‍್ಯಾಮ್‌ನಿಂದಲೇ ಸಾಲ ತಗೊಳ್ಳಬೇಕು. ಎರಡು ಸ್ಟಿಕ್ ಇದ್ದರೆ ಎರಡು ದಾರಿ, ಕೆಲಸ ಬೇಗ. 240 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, ಒಂದು ಮಾನಿಟರ್. ಅಷ್ಟರಲ್ಲಿ ದುಡ್ಡು ಮುಗಿದಿತ್ತು. ಉಳಿದಿದ್ದು ಕ್ಯಾಬಿನೆಟ್, ಎಸ್‌ಎಂಪಿಎಸ್, ಯುಪಿಎಸ್. ತಮ್ಮ ಏನೋ ಹೇಳಲು ಬಾಯಿ ತೆರೆದ. ನಾನೇ ತಡೆದು, ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಸೇರಿ 1,900 ರೂಪಾಯಿಯದು ಕೊಡಿ ಅಂದೆ. ಒಟ್ಟು 36 ಸಾವಿರ ಚಿಲ್ಲರೆ ಆಯಿತು.

ಆ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಕೈಯಲ್ಲಿ ಹಿಡಿದರೆ ಮಾತ್ರ ಖಾಲಿ ಟಿಫಿನ್ ಡಬ್ಬಿಯ ತೂಕ. ಒಂದು ವರ್ಷ ಸುಮ್ನೆ ಕೆಲಸ ಮಾಡಿತು. 2020ರ ಶುರುವಿನಲ್ಲಿ ಹೊಸ ಚಾಳಿ ಹಿಡಿಯಿತು. ಕೋರೆಲ್‌ಡ್ರಾದಲ್ಲಿ (ಪತ್ರಿಕೆ ಡಿಸೈನ್ ಮಾಡುವ ಸಾಫ್ಟ್‌ವೇರ್) ದೊಡ್ಡ ಫೈಲ್ ತೆರೆದ ಕೂಡಲೇ ರೀಸ್ಟಾರ್ಟ್. ಸುಮ್ಮನೆ ಇದ್ದಾಗ ಏನೂ ಇಲ್ಲ, ಕೆಲಸ ಕೊಟ್ಟರೆ ಮಾತ್ರ. ನಾನು ವೈರಸ್ ಅಂದುಕೊಂಡು ವಿಂಡೋಸನ್ನೇ ಹೊಸದಾಗಿ ಹಾಕಿಸಿದೆ. ಎರಡು ದಿನ ವ್ಯಾಪಾರ ಹಾಳು. ಆಮೇಲೆ ಬಂದ ಒಬ್ಬ ಹುಡುಗ ಮಲ್ಟಿಮೀಟರ್ ಇಟ್ಟು ನೋಡಿದ. ಹಳದಿ ತಂತಿಯಲ್ಲಿ 12 ವೋಲ್ಟ್ ಬರಬೇಕು. 11.4ರಿಂದ 12.6ರವರೆಗೆ ನಡೆಯುತ್ತದೆ. ನನ್ನದು ಕೆಲಸ ಕೊಟ್ಟಾಗ 11.1ಕ್ಕೆ ಕುಸಿಯುತ್ತಿತ್ತು. "ಮೇಡಂ, ಬೇಗ ಬದಲಾಯಿಸಿ" ಅಂದ. ಮಾರ್ಚ್ ಕಳೆಯಲಿ ಅಂದೆ.

ಮಾರ್ಚ್ ಮೊದಲ ವಾರವೇ ಟಪ್ ಅಂತ ಸದ್ದು. ಸುಟ್ಟ ವಾಸನೆ ಅಂಗಡಿ ತುಂಬ. ಹುಡುಗ ಬಿಚ್ಚಿ ತೋರಿಸಿದ, ಒಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರುಗಳ ತಲೆ ಪೂರಿ ಥರ ಉಬ್ಬಿತ್ತು. (ಎಸ್‌ಎಂಪಿಎಸ್ ಒಳಗೆ ನೀವು ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ನಿಂತಿರುತ್ತದೆ.) ಬೋರ್ಡ್ ಉಳಿಯಿತು. ಹಾರ್ಡ್ ಡಿಸ್ಕ್ ಮಾತ್ರ ಅದರ ಜೊತೆಯಲ್ಲೇ ಹೋಯಿತು. ಎರಡು ಸೀಸನ್ನಿನ ಮದುವೆ ಪತ್ರಿಕೆಗಳು ಅದರಲ್ಲಿದ್ದವು. ಹೊಸ ಎಸ್‌ಎಂಪಿಎಸ್ 80 ಪ್ಲಸ್ ಬ್ರಾಂಜ್ ಮುದ್ರೆಯದು (ಕರೆಂಟ್ ಪೋಲು ಕಡಿಮೆ ಅಂತ ಪರೀಕ್ಷಿಸಿ ಕೊಡುವ ಮುದ್ರೆ), ಐದು ವರ್ಷ ವಾರಂಟಿ, ಇದೂ 450 ವ್ಯಾಟೇ. ಆದರೆ ತೂಕ ಹಳೆಯದರ ಎರಡರಷ್ಟಿದೆ. ಪ್ರೊಸೆಸರ್ 65 ವ್ಯಾಟಿನದು, ನನ್ನ ಇಡೀ ಡಬ್ಬ 150 ವ್ಯಾಟ್ ಕೂಡ ಕೇಳಲ್ಲ. ಅಂದರೆ ನನಗೆ ಬೇಕಿದ್ದದ್ದು ದೊಡ್ಡ ನಂಬರ್ ಅಲ್ಲ, ಬರೆದಷ್ಟು ನಿಜವಾಗಿ ಕೊಡುವಂಥದ್ದು. ಈಗ ಅದರ ವಾರಂಟಿಯೂ ಮುಗಿದಿದೆ, ಅದು ಮಾತ್ರ ಗಟ್ಟಿಯಾಗಿದೆ.

ಅದೇ ಸಲ ಇನ್ನೊಂದು ಗುಟ್ಟು ಹೊರಬಿತ್ತು. ಬೆಳಿಗ್ಗೆ ನೆಲ ಒರೆಸಿ ಬರಿಗಾಲಲ್ಲಿ ಕ್ಯಾಬಿನೆಟ್ ಹಿಂದಿನ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ವರ್ಷದಿಂದ ಅನ್ನುತ್ತಿತ್ತು, ನಾನು ಅಭ್ಯಾಸ ಮಾಡಿಕೊಂಡಿದ್ದೆ! ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರು. ಮೂರನೇ ಪಿನ್ನಿಗೆ ತಂತಿಯೇ ಇಲ್ಲ. ಎಸ್‌ಎಂಪಿಎಸ್ ಒಳಗೆ ಸೋಸುವ ಸರ್ಕ್ಯೂಟ್‌ನಿಂದ ಸ್ವಲ್ಪ ಕರೆಂಟ್ ಯಾವಾಗಲೂ ಕ್ಯಾಬಿನೆಟ್‌ಗೆ ಸೋರುತ್ತದಂತೆ, ಅರ್ತ್ ಇದ್ದರೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೈಯಿಂದ. ಕಟ್ಟಡದ ಹಿಂದೆ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಅರ್ತಿಂಗ್ ಮಾಡಿಸಿದೆವು. ಖರ್ಚು ಪಕ್ಕದ ಟೈಲರ್ ಅಣ್ಣನ ಜೊತೆ ಅರ್ಧ ಅರ್ಧ. ಮೊದಲು ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯೆ ಮೀಟರ್ ಇಟ್ಟರೆ ಅರ್ಥವಿಲ್ಲದ ನಂಬರ್ ಕುಣಿಯುತ್ತಿತ್ತು, ಈಗ 2 ವೋಲ್ಟ್ ಒಳಗೇ ಇದೆ. ಬೇಸಿಗೆಯಲ್ಲಿ ವಾರಕ್ಕೊಂದು ಬಕೆಟ್ ನೀರು ಗುಂಡಿಗೆ ಸುರಿಯುತ್ತೇವೆ. ಅದು ಟೈಲರ್ ಅಣ್ಣನ ಪಾಲಿನ ಕೆಲಸ.

ಧೂಳಿನ ಮಾತು ಬೇರೆ. ಇಲ್ಲಿ ದಿನವಿಡೀ ಲಾರಿ ಓಡಾಟ. ಕ್ಯಾಬಿನೆಟ್ ನೆಲದ ಮೇಲಿದ್ದಾಗ ಎರಡು ತಿಂಗಳಿಗೆ ಫ್ಯಾನಿನ ಮೇಲೆ ಕಂಬಳಿ. ಒಂದಡಿ ಸ್ಟೂಲ್ ಮೇಲೆ ಇಟ್ಟ ಮೇಲೆ ಅರ್ಧಕ್ಕರ್ಧ ಕಡಿಮೆಯಾಯಿತು. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಬಿಟ್ಟರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

2021ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತ್ತು. ಸುಮ್ನೆ ಕೂರಲಾರದೆ ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸೋಣ ಅಂತ ಹೊರಟೆ. ಕೂಲರಿನ ಸ್ಕ್ರೂ ಬಿಚ್ಚಿ ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಪಟ್ ಅಂತ ಬಂತು, ಪ್ರೊಸೆಸರನ್ನೂ ಅಂಟಿಸಿಕೊಂಡು! ಒಣಗಿದ ಪೇಸ್ಟ್ ಗೋಂದಿನ ಹಾಗೆ ಹಿಡಿದಿತ್ತು. ಸಾಕೆಟ್ಟಿನ ಲಿವರ್ ಇನ್ನೂ ಲಾಕ್ ಆಗಿಯೇ ಇತ್ತು. ನನ್ನದರಂಥ ಎಎಂ4 ಸಾಕೆಟ್ಟಿನ ಪ್ರೊಸೆಸರಿನಲ್ಲಿ ಪಿನ್ನುಗಳು ಬೋರ್ಡಿನಲ್ಲಿ ಇರಲ್ಲ, ಪ್ರೊಸೆಸರಿನ ಹೊಟ್ಟೆಯಲ್ಲೇ ಇರುತ್ತವೆ, 1,331 ಪಿನ್. ಎಲ್ಲವೂ ತೀರಾ ಸಣ್ಣವು. ಒಂದು ಮೂಲೆಯಲ್ಲಿ ಮೂರು ಪಿನ್ ಮಲಗಿದ್ದವು. ನನ್ನ ಕೈಕಾಲು ತಣ್ಣಗಾಯಿತು. ಊರಲ್ಲಿ ಒಂದು ಅಂಗಡಿ ತೆರೆದಿಲ್ಲ. ತಮ್ಮ ವಿಡಿಯೊ ಕಾಲ್‌ನಲ್ಲಿ, "ಅಕ್ಕಾ, ಮಗಳ ಹತ್ರ ಪೆನ್ ಪೆನ್ಸಿಲ್ ಇದೆಯಾ? ಕಡ್ಡಿ ತೆಗೆದು ಬರಿ ಮೂತಿ ಇಟ್ಕೊ" ಅಂದ. ಆ ಖಾಲಿ ಮೂತಿಯೊಳಗೆ ಪಿನ್ ತೂರಿಸಿ, ಉಸಿರು ಬಿಗಿಹಿಡಿದು, ಒಂದೊಂದನ್ನೇ ಎತ್ತಿ ನಿಲ್ಲಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಒತ್ತದೆ, ತಾನೇ ಜಾರಿ ಸಾಕೆಟ್‌ನೊಳಗೆ ಕೂತಾಗ ದೇವರಿಗೆ ಕೈ ಮುಗಿದೆ. ಸರಿಯಾದ ಕ್ರಮ ಆಮೇಲೆ ತಿಳಿಯಿತು. ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾಗಿಸಬೇಕು. ಆಫ್ ಮಾಡಿ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಅಂಟು ಬಿಡಿಸಿಕೊಂಡು ಆಮೇಲೆ ಎತ್ತಬೇಕು. ಶೀಶೆಯ ಮುಚ್ಚಳ ತೆಗೆದ ಹಾಗೆ, ಮೂಲಂಗಿ ಕಿತ್ತ ಹಾಗಲ್ಲ.

2022ರ ಮಳೆಗಾಲದಲ್ಲಿ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ರಿಪೇರಿಯವರೊಬ್ಬರು ಬಂದು ಎರಡು ನಿಮಿಷ ನೋಡಿ, "ಬೋರ್ಡ್ ಹೋಗಿದೆ ಮೇಡಂ, 6,500 ಆಗುತ್ತೆ" ಅಂದರು. ನಾಳೆ ಹೇಳುತ್ತೇನೆ ಅಂತ ಕಳಿಸಿ ತಮ್ಮನಿಗೆ ಫೋನ್ ಮಾಡಿದೆ. ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪ ಇವೆ, ಯಾವುದು ಉರೀತಿದೆ ನೋಡು ಅಂದ. ಪಕ್ಕದಲ್ಲಿ ಡಿರ‍್ಯಾಮ್ ಅಂತ ಬರೆದದ್ದು ಉರಿಯುತ್ತಿತ್ತು, ಅಂದರೆ ತೊಂದರೆ ರ‍್ಯಾಮ್‌ನದು. ಪ್ಲಗ್ ಕಿತ್ತೆ. ಪವರ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿದೆ. ರ‍್ಯಾಮ್ ಎರಡೂ ಕಿತ್ತು, ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಬಿಳಿ ರಬ್ಬರು ಕಪ್ಪಾಯಿತು. ರಬ್ಬರಿನ ಪುಡಿ ಕೊಡವಿ, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಡಿಸ್‌ಪ್ಲೇ ಬಂತು. ಖರ್ಚು: ಮಗಳ ರಬ್ಬರ್. ಅದನ್ನು ವಾಪಸ್ ಕೊಟ್ಟಾಗ ಅವಳ ಬೈಗುಳ ಬೇರೆ.

ಎಲ್ಲ ರಿಪೇರಿಯವರೂ ಹಾಗಲ್ಲ ಬಿಡಿ. ಮಲ್ಟಿಮೀಟರ್ ಹುಡುಗನಿಗೆ ಈಗಲೂ ನಾನೇ ಗಿರಾಕಿ ಕಳಿಸುತ್ತೇನೆ.

ಇನ್ನೊಂದು ವಿಚಿತ್ರ. 2024ರ ಜನವರಿಯಲ್ಲಿ ಒಂದು ಬೆಳಿಗ್ಗೆ ಯಾವ ಸರ್ಕಾರಿ ವೆಬ್‌ಸೈಟೂ ತೆರೆಯುತ್ತಿಲ್ಲ. ಸಂಪರ್ಕ ಸುರಕ್ಷಿತವಲ್ಲ ಅಂತ ಕೆಂಪು ಅಕ್ಷರ. ಅರ್ಜಿಗೆ ಅವತ್ತೇ ಕೊನೆ ದಿನ, ಹೊರಗೆ ಏಳೆಂಟು ಹುಡುಗರು. "ಅಕ್ಕಾ, ನೆಟ್ ಹೋಯ್ತಾ?" ಅಂತ ಒಬ್ಬ ತನ್ನ ಮೊಬೈಲಿನ ನೆಟ್ ಕೂಡ ಕೊಟ್ಟ. ಅದರಲ್ಲೂ ಅದೇ ಗೋಳು. ಆಮೇಲೆ ಪರದೆಯ ಮೂಲೆಯ ತಾರೀಖು ಕಣ್ಣಿಗೆ ಬಿತ್ತು, 2018 ತೋರಿಸುತ್ತಿತ್ತು. ಬೋರ್ಡಿನ ಬಟನ್ ಸೆಲ್ ಸತ್ತಿತ್ತು. ದಿನಾ ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡುವುದರಿಂದ ಗಡಿಯಾರ ಓಡಿಸುವುದು ಆ ಸೆಲ್ಲೊಂದೇ. ತಾರೀಖು ಹಿಂದಕ್ಕೆ ಹೋದರೆ ವೆಬ್‌ಸೈಟಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ ಅಂತ ಬ್ರೌಸರ್ ತಿಳಿಯುತ್ತದೆ. ತಾರೀಖು ತಿದ್ದಿದೆ, ಕೆಲಸ ನಡೆಯಿತು. ಸಂಜೆ ವಾಚ್ ಅಂಗಡಿಯಿಂದ ಸಿಆರ್2032 ಸೆಲ್ ತಂದು ಹಾಕಿದೆ, 40 ರೂಪಾಯಿ.

ಯುಪಿಎಸ್ 600 ವಿಎಯದು. ವಿಎ ಅಂದರೆ ವ್ಯಾಟ್ ಅಲ್ಲ, ನನ್ನದರಲ್ಲಿ ಕೊಡುವುದು 360 ವ್ಯಾಟ್ ಮಾತ್ರ. ಸಹಾಯಕ್ಕಿದ್ದ ಹುಡುಗಿ ಒಂದು ದಿನ ಲೇಸರ್ ಪ್ರಿಂಟರನ್ನೂ ಅದಕ್ಕೇ ಚುಚ್ಚಿದಳು. ಲೇಸರ್ ಪ್ರಿಂಟರಿನೊಳಗೆ ಕಾಗದ ಕಾಯಿಸುವ ರೋಲರ್ ಇರುತ್ತದೆ, ಬಿಸಿಯಾಗುವ ಕ್ಷಣ ಇಸ್ತ್ರಿ ಪೆಟ್ಟಿಗೆಯಂತೆ ಕರೆಂಟ್ ಎಳೆಯುತ್ತದೆ. ಯುಪಿಎಸ್ ಕಿರುಚಿ ಎಲ್ಲವೂ ಆಫ್. ಪ್ರಿಂಟರ್ ಯಾವತ್ತೂ ಗೋಡೆಯ ಸಾಕೆಟ್‌ಗೇ. ಇನ್ನು ಬ್ಯಾಟರಿ, 12 ವೋಲ್ಟ್ 7 ಎಎಚ್‌ನದು, ಎರಡರಿಂದ ಮೂರು ವರ್ಷದ ಸಾಮಾನು. ಮೊದಲನೆಯದು ಲಾಕ್‌ಡೌನ್‌ನಲ್ಲಿ ಚಾರ್ಜ್ ಇಲ್ಲದೆ ಬಿದ್ದು ಸತ್ತಿತು. ಈಗಿರುವುದು ಮೂರನೆಯದು. ಹಾಕಿದ ತಾರೀಖನ್ನು ಅದರ ಬೆನ್ನ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೇನೆ.

ಮಾನಿಟರ್ ಬಗ್ಗೆ ಹೇಳಲು ಏನೂ ಇಲ್ಲ, ಒಳ್ಳೆಯದೇ. ಕೀಬೋರ್ಡ್ ಮೂರು ಹೋದವು. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀಲಿಯೇ ಬೇಕು, ಹಾಗಾಗಿ ಅಗ್ಗದ ಕೀಬೋರ್ಡಿನಲ್ಲಿ ಮೊದಲು ಅಳಿಸಿಹೋಗುವ ಅಕ್ಷರ ಅದೇ. ನಾಲ್ಕನೆಯದಾಗಿ ಟಿವಿಎಸ್ ಗೋಲ್ಡ್ ತಂದೆ. ಟಕಟಕ ಸದ್ದಿಗೆ ಗಿರಾಕಿಗಳು ನಗುತ್ತಾರೆ. ಬೆರಳಿಗೆ ಅದೇ ಹಿತ.

2025ರಲ್ಲಿ ನಿಜವಾದ ಪರೀಕ್ಷೆ ಬಂತು. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ನಿಲ್ಲುವುದಿತ್ತು, ವಿಂಡೋಸ್ 11ಕ್ಕೆ ನಡೆಯುವ ಪ್ರೊಸೆಸರುಗಳ ಪಟ್ಟಿಯಲ್ಲಿ 2200ಜಿ ಇಲ್ಲ. ಕಂಪ್ಯೂಟರೇ ಹೊಸದು ಬೇಕೇನೋ ಅಂದುಕೊಂಡೆ. ಆದರೆ ಅದೇ ಬಿ450 ಬೋರ್ಡಿಗೆ ರೈಜೆನ್ 5 5600ಜಿ ಕೂರುತ್ತದೆ. ಆರು ಕೋರ್, ಇದೂ 65 ವ್ಯಾಟೇ, ವಿಂಡೋಸ್ 11ಕ್ಕೂ ನಡೆಯುತ್ತದೆ. ಹನ್ನೊಂದು ಸಾವಿರ ಚಿಲ್ಲರೆಗೆ ಬಂತು. ಹಳೆ ಪ್ರೊಸೆಸರ್ ಇರುವಾಗಲೇ ಬಯಾಸ್ (ಬೋರ್ಡನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು, ಹೊಸದನ್ನು ಕೂರಿಸಿದ ಮೇಲೆ ಅಲ್ಲ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳುವುದೇ ಕಷ್ಟ. ರಾತ್ರಿ ಹತ್ತಕ್ಕೆ, ಯುಪಿಎಸ್ ತುಂಬಾ ಚಾರ್ಜ್ ಇಟ್ಟುಕೊಂಡು, ಮಾಡಿದೆ. ಕೂಲರನ್ನು ಈ ಸಲ ತಿರುಚಿಯೇ ಎತ್ತಿದೆ. ರ‍್ಯಾಮ್ 2023ರಲ್ಲೇ 16 ಜಿಬಿ ಮಾಡಿಸಿದ್ದೆ. ಈಗ ಅದರ ಬೆಲೆ ಏರಿರುವುದು ನೋಡಿದರೆ ಆಗಲೇ ಹಾಕಿಸಿದ್ದು ಲಾಭ.

ಹೋದ ವಾರ ಬಟವಾಡಿಯಿಂದ ಒಬ್ಬರು ಮಗನಿಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೇಳಿಕೊಂಡು ಬಂದಿದ್ದರು. ಆಫೀಸಿನಿಂದ ಬಂದ ಹಳೇ ಡಬ್ಬ, ಹತ್ತು ಸಾವಿರ, ಐ5 ಅಂತ ಚೀಟಿ. ಐ5 ಅಂದರೆ ಸಾಲದು, ಎಷ್ಟನೇ ಜನರೇಷನ್ ಕೇಳಿ ಅಂದೆ. ಇಂಟೆಲ್‌ನಲ್ಲಿ 8ನೇ ಜನರೇಷನ್‌ಗಿಂತ ಹಳೆಯದಾದರೆ ಸಾಮಾನ್ಯವಾಗಿ ವಿಂಡೋಸ್ 11 ಪಟ್ಟಿಯಲ್ಲಿ ಇರಲ್ಲ. ಅಲ್ಲೇ ಫೋನ್ ಮಾಡಿದರು. 4ನೇ ಜನರೇಷನ್ನಂತೆ. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, ಒಂದು ಪಹಣಿ ಪ್ರಿಂಟ್ ತಗೊಂಡು ಹೋದರು.

ಸದ್ಯಕ್ಕೆ ಕಾಡುತ್ತಿರುವುದು ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಒಂದೇ. ಎಷ್ಟು ಜನರ ಪೆನ್‌ಡ್ರೈವ್ ಹೊಕ್ಕು ಬಂದಿದೆಯೋ, ಸಡಿಲವಾಗಿ ಅಲ್ಲಾಡುತ್ತದೆ. ಹಿಂದಿನ ಪೋರ್ಟಿಗೆ ಒಂದು ಉದ್ದದ ವೈರ್ ಹಾಕಿ ಟೇಬಲ್ ಮೇಲೆ ತಂದಿಟ್ಟಿದ್ದೇನೆ, 120 ರೂಪಾಯಿ.