ಫಿಲಡೆಲ್ಫಿಯಾ ಕಾಲರ್: ಎತ್ತರ ಅಳೆಯದೆ ಕೊಳ್ಳಬೇಡಿ

ಕುತ್ತಿಗೆಯ ಮೂಳೆಗೆ ಪೆಟ್ಟಾದಾಗ, ಕೆಲವು ಶಸ್ತ್ರಚಿಕಿತ್ಸೆಗಳ ನಂತರವೂ, ವೈದ್ಯರು ಬರೆದುಕೊಡುವ ಗಟ್ಟಿ ಕಾಲರ್ ಇದು. ಫೋಮಿನ ಎರಡು ತುಂಡು, ಹಿಂದೆ ಮುಂದೆ ಪ್ಲಾಸ್ಟಿಕ್ ಪಟ್ಟಿ, ಬದಿಗಳಲ್ಲಿ ವೆಲ್ಕ್ರೋ. ಮೆತ್ತನೆಯ ಸ್ಪಂಜಿನ ಕಾಲರ್ ಇದಕ್ಕೆ ಬದಲಿಯಲ್ಲ. ತಲೆ ಮುಂದೆ ಬಗ್ಗುವುದನ್ನೂ ಹಿಂದೆ ವಾಲುವುದನ್ನೂ ಇದು ಚೆನ್ನಾಗಿ ತಡೆಯುತ್ತದೆ. ಪಕ್ಕಕ್ಕೆ ವಾಲುವುದನ್ನು ಅಷ್ಟಾಗಿ ತಡೆಯದು.

ಅಂಗಡಿಗಳಲ್ಲಿ ಕತ್ತಿನ ಸುತ್ತಳತೆ ಮಾತ್ರ ನೋಡಿ ಕೊಟ್ಟುಬಿಡುತ್ತಾರೆ. ಗದ್ದದಿಂದ ಎದೆಮೂಳೆಯ ಮೇಲ್ತುದಿಯವರೆಗಿನ ಎತ್ತರವೂ ಹೊಂದಲೇಬೇಕು. ಗಿಡ್ಡವಾದರೆ ಗದ್ದ ಒಳಗೆ ಜಾರುತ್ತದೆ. ಎತ್ತರವಾದರೆ ಕುತ್ತಿಗೆ ಹಿಂದಕ್ಕೆ ಬಾಗಿ ನುಂಗಲು ಕಷ್ಟ.

ಮೊದಲು ಹಿಂದಿನ ತುಂಡು ಕೂರಿಸಿ, ಆಮೇಲೆ ಗದ್ದ ಕುಳಿಯಲ್ಲಿ ನಿಲ್ಲುವಂತೆ ಮುಂದಿನದು. ಮುಂದಿನ ತುಂಡಿನ ಅಂಚು ಹಿಂದಿನದರ ಮೇಲೆ ಬರಬೇಕು. ಎರಡೂ ಬದಿಯ ವೆಲ್ಕ್ರೋವನ್ನು ಸಮನಾಗಿ ಎಳೆಯಿರಿ, ಇಲ್ಲದಿದ್ದರೆ ತಲೆ ಒಂದು ಕಡೆ ತಿರುಗಿಯೇ ಉಳಿಯುತ್ತದೆ.

ದೊಡ್ಡ ಕೊರತೆ ಬೆವರು. ಈ ಫೋಮ್ ನೀರು ಹೀರುವುದಿಲ್ಲ, ಚರ್ಮ ತೇವದಲ್ಲೇ ಇರುತ್ತದೆ. ಗದ್ದ, ಹಿಂದಲೆ, ಕೊರಳೆಲುಬಿನ ಮೇಲೆ ಒತ್ತಡದ ಹುಣ್ಣಾಗುವುದು ಹೀಗೆಯೇ. ಕೆಂಪಗಾಗಿದೆಯೇ ಎಂದು ದಿನವೂ ನೋಡಬೇಕು. ವೈದ್ಯರು ಬಿಚ್ಚಲು ಒಪ್ಪಿದ್ದರೆ ಮಾತ್ರ, ರೋಗಿಯನ್ನು ಅಂಗಾತ ಮಲಗಿಸಿ, ಇನ್ನೊಬ್ಬರು ತಲೆ ಹಿಡಿದಿರುವಾಗ, ಒಂದೊಂದೇ ತುಂಡು ತೆಗೆದು ಒರೆಸಿ. ಕೈಕಾಲು ಜೋಮು ಹಿಡಿದರೆ ಅಥವಾ ಬಲ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೆಲವು ದಿನಗಳಿಗೆ ಇದು ಒಳ್ಳೆಯ ಆಯ್ಕೆ. ವಾರಗಟ್ಟಲೆ ಹಾಕಬೇಕಿದ್ದರೆ, ಒಳಪ್ಯಾಡ್ ಬದಲಾಯಿಸಬಹುದಾದ ಮಯಾಮಿ ಜೆ ಎಂಬ ಗಟ್ಟಿ ಕಾಲರ್ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ.